ಬೀಗರ ಅಕ್ಕಿ

ಸಿರುಗುಪ್ಪ
25 ಮೇ 2025

ಪ್ರೀತಿಯ ಅಪ್ಪ,

ನೀವು ಕೊಟ್ಟ ಕವರುಗಳ ಕಟ್ಟನ್ನು ಕೊನೆಗೂ ಬಿಚ್ಚಿದೆ! ಎಲ್ಲರ ಅಪ್ಪಂದಿರು ಮದುವೆಯಲ್ಲಿ ಮಗಳಿಗೆ ಮಿಕ್ಸಿ ಕೊಟ್ಟರೆ ನಮ್ಮಪ್ಪ ಸ್ಟಾಂಪು ಹಚ್ಚಿದ ಕವರು ಕೊಟ್ಟಿದ್ದಾರೆ ಎಂದಾಗ ಇಲ್ಲಿ ಎಲ್ಲರೂ ನಕ್ಕರು. "ಪೋಸ್ಟ್ ಮಾಸ್ಟರ್ ಆಗಿದ್ದವರ ಮಗಳು ಅಂದ್ರೆ ಸುಮ್ನೇನಾ" ಎಂದು ನಾನೂ ಬೀಗಿದೆ. ಫೋನಿನಲ್ಲಿ ನೀವು "ಊಟ ಆಯ್ತಾ?" ಎಂದು ಕೇಳಿ, ನಾನು ಬಾಯಿ ತೆರೆಯುವ ಮೊದಲೇ ಅಮ್ಮನ ಕೈಗೆ ಕೊಟ್ಟುಬಿಡುತ್ತೀರಿ. ಪತ್ರವನ್ನು ಹಾಗೆ ದಾಟಿಸಲಾಗುವುದಿಲ್ಲ. ಕೊನೆಯವರೆಗೂ ಓದಲೇಬೇಕು!

ಸಿರುಗುಪ್ಪ ಹೇಗಿದೆ ಎಂದು ನೀವು ಕೇಳಲಿಲ್ಲ. ಆದರೂ ಹೇಳುತ್ತೇನೆ. ಇಲ್ಲಿ ಎಲ್ಲಿ ನೋಡಿದರೂ ಅಕ್ಕಿ! ಬೇಸಿಗೆ ಬೆಳೆಯ ಕೊಯ್ಲು ಈಗಷ್ಟೇ ಮುಗಿದಿದೆ. ಊರ ಹೊರಗೆ ರಸ್ತೆಯ ಅರ್ಧ ವಾಹನಗಳಿಗೆ, ಇನ್ನರ್ಧ ಒಣಹಾಕಿದ ಭತ್ತಕ್ಕೆ. ಬಸ್ಸಿನವರು ಭತ್ತಕ್ಕೆ ಮರ್ಯಾದೆ ಕೊಟ್ಟು ಪಕ್ಕಕ್ಕೆ ಸರಿಯುತ್ತಾರೆ, ನಮಗೆ ಮಾತ್ರ ಹಾರ್ನ್. ನಮ್ಮ ಗಿರಣಿ ಮನೆಯ ಹಿಂದೆಯೇ ಇದೆ. ('ನಮ್ಮ' ಎಂದು ಬರೆಯುವಾಗ ಎಷ್ಟು ನಾಚಿಕೆ ಗೊತ್ತಾ!) ಅದು ಓಡುವಾಗ ಅಡುಗೆಮನೆಯ ಲೋಟಗಳು ಸಣ್ಣಗೆ ನಡುಗುತ್ತವೆ. ನನಗೆ ಆ ಸದ್ದು ಎಷ್ಟು ಅಭ್ಯಾಸವಾಗಿದೆ ಎಂದರೆ ಅದು ನಿಂತಾಗಲೇ ಎಚ್ಚರವಾಗುತ್ತದೆ. ಭತ್ತದಲ್ಲಿ ಯಾವುದೂ ಹಾಳಾಗುವುದಿಲ್ಲ ಅಪ್ಪ. ಅಕ್ಕಿ ಚೀಲಕ್ಕೆ, ನುಚ್ಚು ರವೆ ಮಾಡುವವರಿಗೆ, ತೌಡು ಎಣ್ಣೆ ತೆಗೆಯುವವರಿಗೆ, ಹೊಟ್ಟು ಬಾಯ್ಲರಿಗೆ ಮತ್ತು ಇಟ್ಟಿಗೆ ಭಟ್ಟಿಗೆ. ಉಳಿದ ಬೂದಿ ನನ್ನ ಕೂದಲಿಗೆ!

ನಿನ್ನೆ ಸಂಜೆ ಸಂಗಮೇಶ್ (ಅತ್ತೆಯ ಎದುರು 'ಇವರು', ನಿಮ್ಮೆದುರು ಸಂಗಮೇಶ್) ಬೈಕಿನಲ್ಲಿ ರಾರಾವಿಗೆ ಕರೆದೊಯ್ದರು. ಅಲ್ಲಿ ನಮ್ಮ ಹೊಲವಿದೆ. ಈಗ ಖಾಲಿ. ಪಕ್ಕದ ಹೊಳೆ ಬಂಡೆಗಳ ಸಂದಿಯಲ್ಲಿ ಸದ್ದಿಲ್ಲದೆ ಹರಿಯುತ್ತದೆ. ತುಂಗಭದ್ರೆಯ ಅಣೆಕಟ್ಟಿನಿಂದ ಕಾಲುವೆಗೆ ನೀರು ಬಿಟ್ಟ ದಿನ ಇಡೀ ಸೀಮೆಯೇ ಎದ್ದು ಕೂರುತ್ತದಂತೆ. ಬಿಸಿಲಿನ ಮಾತು ಬರೆಯುವುದಿಲ್ಲ. ಬರೆದರೆ ಅಮ್ಮ ಅಳುತ್ತಾರೆ.

ಇನ್ನೊಂದು ವಿಷಯ. ಜೂನ್ 26ಕ್ಕೆ ಆಷಾಢ ಹತ್ತುತ್ತದೆ. ಮೊದಲ ಆಷಾಢದಲ್ಲಿ ಸೊಸೆ ತವರಿನಲ್ಲಿರಬೇಕು, ಕರೆದೊಯ್ಯಲು ತವರಿನ ಹಿರಿಯರು ಬರಬೇಕು. ಅತ್ತೆ ಚನ್ನವೀರಮ್ಮನವರು ಆಗಲೇ ಕೇಳಿದರು: "ನಿಮ್ಮಪ್ಪಾರು ಯಾವತ್ತು ಬರ್ತಾರವಾ? ಬುತ್ತಿಗೆ ಸಜ್ಜಿ ರೊಟ್ಟಿ ಬಡೀಬೇಕು." ನಾನು "ಬಂದೇ ಬರ್ತಾರೆ ಅತ್ತೆ" ಎಂದುಬಿಟ್ಟೆ. ಮದುವೆ ಮುಗಿಸಿ ನನ್ನನ್ನು ಇಲ್ಲಿ ಬಿಡಲು ಬರುವಾಗ ನಿಮಗೆ ಬೆನ್ನುನೋವಿತ್ತು, ಸೋದರಮಾವ ಬಂದರು. ಈಗ ಬೆನ್ನು ವಾಸಿಯಾಗಿದೆ ತಾನೇ? ನೀವೇ ಬರುತ್ತೀರಿ ತಾನೇ?

ನಿಮ್ಮ
ಗಂಗೋತ್ರಿ

*

ತಿ. ನರಸೀಪುರ
31 ಮೇ 2025

ಚಿ. ಸೌ. ಗಂಗೋತ್ರಿಗೆ ಆಶೀರ್ವಾದಗಳು.

ಪತ್ರ ತಲುಪಿತು. ಪಿನ್‌ಕೋಡನ್ನು ಇನ್ನೂ ಸ್ಪಷ್ಟವಾಗಿ ಬರೆಯುವುದು.

ನಿನ್ನ ಪತ್ರದಲ್ಲಿ ಸಂಭ್ರಮವಿದೆ, ವಿವರ ಕಡಿಮೆ. ಒಂದು ಸೀಮೆಯನ್ನು ತಿಳಿಯಬೇಕಾದರೆ ಅಲ್ಲಿನ ಜನ ಏನು ಮಾಡಿ ಬದುಕುತ್ತಾರೆ ಎಂದು ನೋಡಬೇಕು. ಅಕ್ಕಿಯ ಹೊರತು ಅಲ್ಲಿ ಏನಿದೆ? ಬಳ್ಳಾರಿಯಿಂದ ಸಿರುಗುಪ್ಪಕ್ಕೆ ಎಷ್ಟು ಹೊತ್ತಿನ ದಾರಿ? ಬಸ್ಸು ಎಷ್ಟು ಹೊತ್ತಿಗೊಂದು? ವಯಸ್ಸಾದವರು ನಿಂತು ಹೋಗಬೇಕೋ, ಕೂರಲು ಜಾಗ ಸಿಗುತ್ತದೋ? ಬಳ್ಳಾರಿಯಲ್ಲಿ ಶುಚಿಯಾದ ಹೋಟೆಲು ಇದೆಯೇ? ಕುಡಿಯುವ ನೀರು ಹೇಗೆ?

ಅಮ್ಮ ಹುಷಾರು. ಬೆನ್ನು ಇದೆ.

ಇತಿ,
ಗುರುಮಲ್ಲಪ್ಪ
(ಅಪ್ಪ)

*

ಸಿರುಗುಪ್ಪ
6 ಜೂನ್ 2025

ಪ್ರೀತಿಯ ಅಪ್ಪ,

ಇದೇನು, ತನಿಖೆಯಾ? ಹೋಟೆಲು ಶುಚಿ ಇದೆಯೇ, ನೀರು ಹೇಗೆ, ಕೂರಲು ಜಾಗ ಸಿಗುತ್ತದೋ! ನನ್ನ ಅತ್ತೆಮನೆಯ ಸೀಮೆಯಲ್ಲಿ ಹುಳುಕು ಹುಡುಕಲು ನಿಮಗೆ ಎಷ್ಟು ಆಸೆ! ಆಷಾಢದ ಮಾತಿಗೆ ಮಾತ್ರ ಉತ್ತರವಿಲ್ಲ. ಇರಲಿ. ಸಿಟ್ಟಿನಲ್ಲಿ ಸಂಗಮೇಶರನ್ನು ಎಳೆದುಕೊಂಡು ಬಳ್ಳಾರಿಗೇ ಹೋಗಿ ಬಂದೆ. ಬರೆದುಕೊಳ್ಳಿ.

ಬಸ್ಸು ಸಾಕಷ್ಟಿದೆ. ಒಂದೂವರೆ ಗಂಟೆಯ ದಾರಿ. ಸೀಟು ಸಿಗುತ್ತದೆ, ಆದರೆ ಪಕ್ಕದವರ ಮಡಿಲಿನ ಮೆಣಸಿನಕಾಯಿ ಚೀಲ ಅರ್ಧ ನಿಮ್ಮ ಮಡಿಲಿಗೂ ಬರುತ್ತದೆ. ಬಳ್ಳಾರಿ ಎಂದರೆ ನೀವೆಲ್ಲ ಗಣಿ, ಧೂಳು, ಲಾರಿ ಎನ್ನುತ್ತೀರಿ. ನಾನು ಕಂಡದ್ದು ಜೀನ್ಸ್! ಇಡೀ ಓಣಿಗಳೇ ಜೀನ್ಸ್ ಹೊಲಿಯುತ್ತವೆ ಅಪ್ಪ. ಒಂದು ಮನೆಯಲ್ಲಿ ಬರೀ ಕಾಲು, ಪಕ್ಕದ ಮನೆಯಲ್ಲಿ ಬರೀ ಜೇಬು, ಎದುರು ಮನೆಯಲ್ಲಿ ಗುಂಡಿ. ಅಷ್ಟೂ ಸೇರಿ ಒಂದು ಪ್ಯಾಂಟು ಆಗುವ ಹೊತ್ತಿಗೆ ಅದು ನಾಲ್ಕು ಸಂಸಾರ ನೋಡಿರುತ್ತದೆ. ಆಮೇಲೆ ಹೊಸ ಬಟ್ಟೆಯನ್ನು ಒಗೆದು ಒಗೆದು ಹಳೆಯದು ಮಾಡುತ್ತಾರೆ. ಅದಕ್ಕೇ ಜಾಸ್ತಿ ಬೆಲೆ! ಅಮ್ಮನಿಗೆ ಹೇಳಬೇಡಿ, ನಂಬುವುದಿಲ್ಲ.

ಬ್ರೂಸ್‌ಪೇಟೆಯ ಸಗಟು ಅಂಗಡಿಗಳಲ್ಲಿ ಕಾಲಿಡಲು ಜಾಗವಿಲ್ಲ. ವ್ಯಾಪಾರಿಗಳು ಕೂಲಿಯವರನ್ನು ತೆಲುಗಿನಲ್ಲಿ ಬೈದು, ಗಿರಾಕಿಯ ಜೊತೆ ಕನ್ನಡದಲ್ಲಿ ಚೌಕಾಸಿ ಮಾಡಿ, ಪಕ್ಕದ ಅಂಗಡಿಯವನಿಗೆ ಉರ್ದುವಿನಲ್ಲಿ ಚಹಾ ಹೇಳುತ್ತಾರೆ. ನಾನು ಇಂಗ್ಲಿಷಿನಲ್ಲಿ ದರ ಕೇಳಿದೆ. ಅಂಗಡಿಯಾತ ಸಂಗಮೇಶರ ಕಡೆ ತಿರುಗಿ, "ಏನಣ್ಣಾ, ಅಕ್ಕಾರಿಗೆ ರೇಟು ಹೆಚ್ಚು ಹೇಳ್ಲೋ, ಕಡಿಮಿ ಹೇಳ್ಲೋ?" ಎಂದ. ಶುಚಿಯಾದ ಹೋಟೆಲು ಬೇಕಾದಷ್ಟಿವೆ, ಆದರೆ ನಾವು ತಿಂದದ್ದು ರಸ್ತೆಬದಿಯ ವಗ್ಗಾಣಿ-ಮಿರ್ಚಿ. ವಗ್ಗಾಣಿ ಎಂದರೆ ನೆನೆಸಿದ ಮಂಡಕ್ಕಿಯ ಒಗ್ಗರಣೆ. ಮಿರ್ಚಿ ಎಂದರೆ ಬಜ್ಜಿಯ ವೇಷದಲ್ಲಿರುವ ಬೆಂಕಿ. ನಾನು ಕಣ್ಣೀರು ಸುರಿಸುತ್ತ ಇನ್ನೊಂದು ಕೇಳಿದೆ!

ಬಸ್ಸಿನಲ್ಲಿ ವಾಪಸು ಬರುವಾಗ ಎರಡೂ ಕಡೆ ಕಪ್ಪು ಮಣ್ಣು, ಹತ್ತಿಯ ಒಣ ಕಡ್ಡಿ, ಆಮೇಲೆ ಇದ್ದಕ್ಕಿದ್ದಂತೆ ಕಾಲುವೆ ಮತ್ತು ಗದ್ದೆಗಳ ಸೀಮೆ. ನೀರು ಮುಟ್ಟಿದ ಕಡೆ ಒಂದು ದೇಶ, ಮುಟ್ಟದ ಕಡೆ ಇನ್ನೊಂದು.

ನೋಡಿದಿರಾ, ಎಷ್ಟು ಚೆನ್ನಾಗಿದೆ! ನನಗಿಲ್ಲಿ ಎಷ್ಟು ಖುಷಿ ಎಂದರೆ ಊರು ನೆನಪೇ ಆಗುವುದಿಲ್ಲ. ನಿಜವಾಗಲೂ!

ನಿಮ್ಮ
ಗಂಗೋತ್ರಿ

*

ತಿ. ನರಸೀಪುರ
11 ಜೂನ್ 2025

ಚಿ. ಸೌ. ಗಂಗೋತ್ರಿಗೆ ಆಶೀರ್ವಾದಗಳು.

ವಿವರಗಳು ಉಪಯುಕ್ತವಾಗಿದ್ದವು.

ನೀನು ಊರು ನೆನಪಾಗದಷ್ಟು ಸುಖವಾಗಿರುವುದು ತಿಳಿದು ಸಂತೋಷ. ಹಾಗಿರುವಾಗ ಆಷಾಢದ ನೆಪದಲ್ಲಿ ನಿನ್ನನ್ನು ಒಂದು ತಿಂಗಳು ಇಲ್ಲಿ ತಂದು ಕೂರಿಸುವುದು ಅಗತ್ಯವೇ ಎಂದು ಯೋಚಿಸುತ್ತಿದ್ದೇನೆ. ಇವೆಲ್ಲ ಹಳೆಯ ಕಾಲದ ಪದ್ಧತಿಗಳು. ಕರೆಯಲೇಬೇಕು ಎಂದಾದರೆ ನಿನ್ನ ಸೋದರಮಾವನಿಗೆ ಬಿಡುವಿದೆ.

ನಿನ್ನ ಅತ್ತೆಮನೆಯವರಿಗೆ ನಾನು ಬರುವುದರಿಂದ ಹೆಚ್ಚೇನೂ ಆಗಬೇಕಾಗಿಲ್ಲ. ಅವರಲ್ಲಿ ಎಲ್ಲವೂ ಇದೆ. ಮದುವೆಗೆ ಅವರು ಲಾರಿಯಲ್ಲಿ ಕಳಿಸಿದ ಅಕ್ಕಿಯನ್ನು ನೋಡಿಯೇ ಅದು ಗೊತ್ತಾಯಿತು. ಎರಡು ನದಿ ಕೂಡುವ ಊರು ನಮ್ಮದು. ನಮ್ಮಲ್ಲೂ ಅಕ್ಕಿ ಬೆಳೆಯುತ್ತಾರೆ. ಆ ಚೀಲಗಳು ಉಗ್ರಾಣದಲ್ಲಿ ಹಾಗೆಯೇ ಇವೆ.

ಅಮ್ಮ ಹುಷಾರು.

ಇತಿ,
ಗುರುಮಲ್ಲಪ್ಪ
(ಅಪ್ಪ)

*

ಸಿರುಗುಪ್ಪ
16 ಜೂನ್ 2025

ಅಪ್ಪಾ!

ಅಕ್ಕಿಯಾ? ಇಷ್ಟು ದಿನ ಬೆನ್ನುನೋವು ಅಂದದ್ದು ಅಕ್ಕಿಯಾ?

ನಿಮ್ಮ ಪತ್ರ ಬಂದ ದಿನ ನಾವು ಕುರುಗೋಡಿಗೆ ಹೊರಟಿದ್ದೆವು, ನಾನು, ಅತ್ತೆ ಮತ್ತು ಗಾಡಿ ಓಡಿಸಲು ಅಂಜಿನಪ್ಪ. ಅಂಜಿನಪ್ಪ ಗಿರಣಿಯ ಲಾರಿ ಡ್ರೈವರ್. ಪತ್ರವನ್ನು ದಾರಿಯಲ್ಲಿ ಓದಿ ನಾನು ಬಾಯಿ ಮುಚ್ಚಿ ಕೂತೆ. ನಾನು ಬಾಯಿ ಮುಚ್ಚಿದರೆ ಇಲ್ಲಿ ಜ್ವರ ಬಂದಿದೆ ಎಂದುಕೊಳ್ಳುತ್ತಾರೆ. ಅತ್ತೆ ಹಣೆ ಮುಟ್ಟಿ ನೋಡಿದರು. ನಾನು ಕೇಳಿಯೇಬಿಟ್ಟೆ.

"ಅತ್ತೆ, ಮದುವೆಗೆ ನಮ್ಮ ಮನೆಗೆ ಅಕ್ಕಿ ಯಾಕೆ ಕಳಿಸಿದ್ರಿ?"

"ಯಾಕಂದ್ರ? ಗಿರಣಿ ಮನಿ ಹುಡುಗನ ಮದಿವಿ ಅಂದ್ರ ಆ ಸುಗ್ಗಿ ಮೊದಲ್ನೇ ಅಕ್ಕಿ ಬೀಗರ ಮನಿಗೆ ಹೋಗಬೇಕವಾ. ಅದರಾಗಿಂದ ಒಂದು ಹಿಡಿ ಅಕ್ಷತಿಗೆ. ಉಳಿದದ್ದು ಅವರ ಅಡಿಗಿ ಮನಿಗೆ. ನಮ್ಮ ಅಕ್ಕಿ ನಿಮ್ಮ ಗಡಿಗ್ಯಾಗ ಬೆಂದ್ರ ಬೀಗತನ ಗಟ್ಟಿ ಆತು ಅಂತ ಲೆಕ್ಕ. ನಮ್ಮ ಮಾವನ ಕಾಲದಿಂದ ಬಂದದ್ದು. ಯಾಕ, ಅಂಜಿನಪ್ಪ ಹೇಳಿಲ್ಲೇನು?"

ಇಬ್ಬರೂ ಅಂಜಿನಪ್ಪನ ಬೆನ್ನು ನೋಡಿದೆವು.

"ಏನಂದಿ ಬೀಗರಿಗೆ?" ಎಂದರು ಅತ್ತೆ.

"ನಾನೇನಂದ್ನ್ರೀ ಅವ್ವಾರ? ಚೀಲ ಇಳಿಸಿದೆ. 'ತಗೊಳ್ರಿ ಸಾಹೇಬ್ರ, ಊಟಕ್ಕ ಕಡಿಮಿ ಬೀಳಬಾರ್ದು ಅಂತ ಸಾವ್ಕಾರ್ರು ಕಳಿಸ್ಯಾರ' ಅಂದೆ."

"ಅಯ್ಯ ನಿನ್ನ! ಕಡಿಮಿ ಬೀಳಬಾರ್ದು ಅಂತ ಯಾರು ಹೇಳಿದ್ರಲೇ ನಿನಗ?"

"ಯಾರೂ ಹೇಳ್ಲಿಲ್ರಿ. ಸುಮ್ನ ಚೀಲ ಇಳಿಸಿದ್ರ ಚಂದ ಕಾಣಂಗಿಲ್ಲಂತ ನಾನ ಒಂದು ಮಾತು ಕೂಡಿಸಿದ್ನಿ."

ಇಷ್ಟೇ ಅಪ್ಪ! ನಮ್ಮ ಎರಡು ಮನೆಗಳ ನಡುವೆ ಒಂದು ತಿಂಗಳಿಂದ ನಿಂತಿರುವುದು ಅಂಜಿನಪ್ಪ ಚಂದಕ್ಕೆ ಕೂಡಿಸಿದ ಒಂದು ಮಾತು. ಮನೆಯಲ್ಲಿ ಮಾವ ಮರಿಬಸಪ್ಪನವರು ಸುದ್ದಿ ಕೇಳಿ ಊಟ ಬಿಟ್ಟು ಎದ್ದರು. "ಬೀಗರು ತಪ್ಪು ತಿಳಿದಿಲ್ಲ. ನಾ ಅವರ ಜಾಗದಾಗಿದ್ರ ಚೀಲ ವಾಪಸ್ ಲಾರಿಗೆ ಏರಿಸ್ತಿದ್ದೆ" ಎಂದರು. ನೋಡಿ, ಸಿಟ್ಟಿನಲ್ಲಿ ನೀವಿಬ್ಬರೂ ಒಂದೇ.

ಕುರುಗೋಡಿನ ಬಗ್ಗೆ ಬರೆಯದಿದ್ದರೆ ನಿಮ್ಮ ತನಿಖೆ ಪೂರ್ತಿಯಾಗುವುದಿಲ್ಲ. ಒಂದೇ ಕಲ್ಲಿನ ದೊಡ್ಡ ಬಸವಣ್ಣ ಗುಡಿ ತುಂಬ ಕೂತಿದ್ದಾನೆ. ಅವನ ಮುಖ ನೋಡಲು ನಾನು ಕತ್ತೆತ್ತಿದರೆ ಸೆರಗು ಜಾರಿತು. ಸುತ್ತಮುತ್ತ ಮೆಣಸಿನಕಾಯಿಯ ಹೊಲ. ಕಾಯಿ ಒಣಗಿಸಿ ಬ್ಯಾಡಗಿಯ ಮಾರುಕಟ್ಟೆಗೆ ಒಯ್ಯುತ್ತಾರೆ. ಅಂಜೂರದ ತೋಟಗಳೂ ಇವೆ! ಉಚ್ಚಂಗೆಮ್ಮ ಎಂಬಾಕೆ ರಸ್ತೆಬದಿಯಲ್ಲಿ ಬುಟ್ಟಿ ಇಟ್ಟುಕೊಂಡು ಕೂರುತ್ತಾಳೆ. ನಾನು ಗಿಡದಿಂದ ನಾನೇ ಕೀಳುತ್ತೇನೆ ಎಂದು ಹಟ ಮಾಡಿದೆ. ಅಂಜೂರದ ತೊಟ್ಟಿನ ಹಾಲು ತಗುಲಿದರೆ ಕೈ ಕೆರೆಯುತ್ತದೆ ಎಂದು ಆಕೆ ಹೇಳಿದ್ದು ನಾನು ಕಿತ್ತಾದ ಮೇಲೆ. "ಹೇಳಾಕ ಬಿಟ್ಟಿಯೇನವಾ ನೀನು? ಪಟಪಟ ಪಟಪಟ ಮಾತಾಡ್ತೀ" ಎಂದಳು.

ಈಗ ನನ್ನ ಸರದಿ. ಊರು ನೆನಪೇ ಆಗುವುದಿಲ್ಲ ಎಂದು ಬರೆದದ್ದು ಸುಳ್ಳು. ನಾನು ಇಷ್ಟು ಖುಷಿಯಾಗಿದ್ದೇನೆ ಎಂದರೆ ನೋಡಲಾದರೂ ಬರುತ್ತೀರಿ ಎಂದುಕೊಂಡೆ. ಖುಷಿ ನಿಜ, ಅಪ್ಪ. ಆದರೆ ಬಳ್ಳಾರಿಯ ಬಸ್ ನಿಲ್ದಾಣದಲ್ಲಿ 'ಮೈಸೂರು' ಎಂಬ ಬೋರ್ಡು ಕಂಡು ನಾನು ಅತ್ತುಬಿಟ್ಟೆ. ಮಿರ್ಚಿಯ ಖಾರ ಎಂದು ಸಂಗಮೇಶರಿಗೆ ಹೇಳಿದೆ. ಅವರು ನಂಬಿ ಎರಡು ಬಾಟಲಿ ನೀರು ತಂದರು.

ಸೋದರಮಾವ ಬೇಡ. ಅತ್ತೆ ರೊಟ್ಟಿ ಬಡಿಯಲು ಶುರು ಮಾಡಿದ್ದಾರೆ. ನೀವೇ ಬನ್ನಿ.

ಗಂಗೋತ್ರಿ

*

ಬಳ್ಳಾರಿ
23 ಜೂನ್ 2025

ಚಿ. ಸೌ. ಗಂಗೋತ್ರಿಗೆ ಆಶೀರ್ವಾದಗಳು.

ಮೇಲಿನ ಊರಿನ ಹೆಸರು ನೋಡಿ ಕೂಗಿಕೊಳ್ಳಬೇಡ. ನಿನ್ನೆ ಹಂಪಿ ಎಕ್ಸ್‌ಪ್ರೆಸ್ಸಿನಲ್ಲಿ ಬಂದು ಇಳಿದೆ.

ಜೂನ್ 2ರಂದೇ ಟಿಕೆಟ್ಟು ಮಾಡಿಸಿದ್ದೆ. ಬಸ್ಸು, ಸೀಟು, ಹೋಟೆಲು, ನೀರು ಎಂದು ಕೇಳಿದ್ದು ಅದಕ್ಕೇ. ನೀನು ಅದನ್ನು ತನಿಖೆ ಎಂದೆ. ಆಮೇಲೆ ಊರು ನೆನಪೇ ಆಗುವುದಿಲ್ಲ ಎಂದು ಬರೆದೆ. ನಾನು ಟಿಕೆಟ್ಟು ರದ್ದು ಮಾಡಿಸಿದೆ. ನಿನ್ನ ಮೂರನೆಯ ಪತ್ರ ಬಂದ ದಿನ ಮತ್ತೆ ಮಾಡಿಸಿದೆ. ಕೌಂಟರಿನವರು ನನ್ನ ಮುಖ ನೋಡಿದರು.

ಅಕ್ಕಿಯ ವಿಷಯ. ನಿನ್ನ ಪತ್ರವನ್ನು ಅಮ್ಮನಿಗೆ ಓದಿ ಹೇಳಿ, "ಆ ಚೀಲ ಇವತ್ತು ಬಿಚ್ಚು, ಬೀಗರ ಅಕ್ಕಿ ಬೇಯಿಸು" ಎಂದೆ. ಆಕೆ ಎದ್ದು ಹೋಗಿ ಖಾಲಿ ಚೀಲ ತಂದು ಮುಂದಿಟ್ಟಳು. ಮದುವೆಯ ಮರುದಿನದಿಂದಲೂ ಅದನ್ನೇ ಬೇಯಿಸುತ್ತಿದ್ದಾಳಂತೆ. ನಾನು ದಿನವೂ ಉಂಡು, "ಏನಾದರೂ ಅನ್ನು ಸುನಂದಾ, ನಮ್ಮ ಊರಿನ ಅಕ್ಕಿಯ ರುಚಿಯೇ ಬೇರೆ" ಎಂದು ಹೇಳುತ್ತಿದ್ದೆ. ಆಕೆ ಇಷ್ಟು ದಿನ ನಗು ತಡೆದುಕೊಂಡದ್ದು ಹೇಗೋ ತಿಳಿಯದು. ಈ ವಿಷಯವನ್ನು ನಿನ್ನ ಮಾವನವರಿಗೆ ಹೇಳುವ ಅಗತ್ಯವಿಲ್ಲ.

ಸಿರುಗುಪ್ಪಕ್ಕೆ ನೇರವಾಗಿ ಬರಬಹುದಿತ್ತು. ಆದರೆ ನೀನು ಬರೆದ ಸೀಮೆಯನ್ನು ಒಮ್ಮೆ ಕಣ್ಣಾರೆ ನೋಡಿ, ಆಮೇಲೆ ಮನೆಗೆ ಬರುವುದು ಸರಿ ಎನಿಸಿತು. ನಿನ್ನ ಮೂರೂ ಪತ್ರ ಜೇಬಿನಲ್ಲಿವೆ. ಪರಿಶೀಲನೆ ಹೀಗಿದೆ. ಬಸ್ಸಿನ ಮೆಣಸಿನಕಾಯಿ ಚೀಲದ ಮಾತು ಸರಿ. ಮೂರು ಭಾಷೆಯ ಮಾತು ಸರಿ. ಮಿರ್ಚಿಯ ಬಗ್ಗೆ ನೀನು ಕಡಿಮೆ ಹೇಳಿದ್ದೀಯ.

ಇಂದು ಕುರುಗೋಡಿಗೂ ಹೋಗಿದ್ದೆ. ದೊಡ್ಡ ಬಸವಣ್ಣನ ಮುಂದೆ ಹೆಚ್ಚು ಹೊತ್ತು ಕೂತೆ. ಅಷ್ಟು ದೊಡ್ಡವನು ಅಷ್ಟು ಸುಮ್ಮನಿರುವುದನ್ನು ನೋಡಿ ನಾಚಿಕೆಯಾಯಿತು. ಅಂಜೂರದ ಉಚ್ಚಂಗೆಮ್ಮ ನನ್ನ ಮೈಸೂರು ಕಡೆಯ ಮಾತು ಕೇಳಿ, "ನೀವು ಆ ಪಟಪಟ ಹುಡಿಗಿ ಅಪ್ಪಾರೇನ್ರಿ? ನೀವು ಮಾತಾಡೋದನ್ನೂ ಆಕೀನ ಮಾತಾಡಿಬಿಡ್ತಾಳ ಬಿಡ್ರಿ" ಎಂದಳು. ಆಕೆ ಕೊಟ್ಟ ಹಣ್ಣು ಒಡೆದು ಪಂಚೆಗೆ ಕಲೆಯಾಯಿತು. ಬೇರೆ ಪಂಚೆ ತಂದಿರಲಿಲ್ಲ. ಬ್ರೂಸ್‌ಪೇಟೆಯಲ್ಲಿ ಹುಡುಕಲು ಹೋದರೆ ಅಂಗಡಿಯವರು, "ನಿಮ್ಮ ವಯಸ್ಸಿನವ್ರ ಈಗ ಜಾಸ್ತಿ ಹಾಕ್ಕೊಳ್ಳೋದು ಸರ್" ಎಂದು ಬೇರೊಂದನ್ನು ಕೊಟ್ಟರು. ಅದರ ಬಗ್ಗೆ ಬರೆಯುವುದಿಲ್ಲ.

ಮುಖ್ಯ ವಿಷಯ. ಬೀಗರ ಅಕ್ಕಿಗೆ ಉತ್ತರವಾಗಿ ನಮ್ಮ ಕಡೆಯ ರಾಜಮುಡಿ ಅಕ್ಕಿಯ ಒಂದು ಚೀಲ ತಂದಿದ್ದೇನೆ. ಅಕ್ಕಿ ಗಿರಣಿಯ ಮನೆಗೆ ಅಕ್ಕಿ ತರುವುದು ಅವರಲ್ಲಿ ಮರ್ಯಾದೆಯೋ ಅವಮಾನವೋ ನನಗೆ ತಿಳಿಯದು. ಒಮ್ಮೆ ತಪ್ಪು ತಿಳಿದದ್ದು ಸಾಕು. ಬುಧವಾರ ಮಧ್ಯಾಹ್ನದ ಬಸ್ಸಿಗೆ ಬರುತ್ತೇನೆ. ತರುವುದು ಸರಿ ಎಂದಾದರೆ ನೀನು ನಿಲ್ದಾಣಕ್ಕೆ ಬಾ. ನೀನು ಕಾಣದಿದ್ದರೆ ಚೀಲವನ್ನು ಅಲ್ಲೇ ಯಾವುದಾದರೂ ಅಂಗಡಿಯಲ್ಲಿ ಬಿಟ್ಟು ಬರುತ್ತೇನೆ.

ಫೋನು ಮಾಡಬಹುದಿತ್ತು. ಆದರೆ ಈ ಪತ್ರ ನಾಳೆಯೇ ತಲುಪುತ್ತದೆ. ಇಲಾಖೆಯ ಮೇಲೆ ನನಗೆ ನಂಬಿಕೆಯಿದೆ.

ಇತಿ,
ಅಪ್ಪ

*

ಸಿರುಗುಪ್ಪ
26 ಜೂನ್ 2025

ಪ್ರೀತಿಯ ಅಪ್ಪ,

ನೀವು ಇಲ್ಲೇ, ಗಿರಣಿಯ ಕಟ್ಟೆಯ ಮೇಲೆ ಮಾವನವರ ಪಕ್ಕದಲ್ಲಿ ಕೂತಿದ್ದೀರಿ. ನಾನು ಅಡುಗೆಮನೆಯ ಕಿಟಕಿಯಲ್ಲಿ ಕೂತು ನಿಮಗೇ ಬರೆಯುತ್ತಿದ್ದೇನೆ. ಇನ್ನೊಂದು ಗಂಟೆಗೆ ನಮ್ಮ ಬಸ್ಸು. ದಾರಿಯಲ್ಲಿ ಇದನ್ನು ಡಬ್ಬಿಗೆ ಹಾಕುತ್ತೇನೆ. ನಾವು ಊರಿಗೆ ಹೋಗಿ ನಾಲ್ಕು ದಿನವಾದ ಮೇಲೆ ಬರುತ್ತದೆ. ಇಲಾಖೆಯ ಮೇಲೆ ನನಗೂ ನಂಬಿಕೆ ಬಂದಿದೆ: ನಾಳೆ ಎಂದರೆ ನಾಡಿದ್ದು!

ನಿನ್ನೆ ಬಾಗಿಲಲ್ಲಿ ಜೀನ್ಸ್ ತೊಟ್ಟು, ಬಿಳಿ ಅಂಗಿ ಹಾಕಿ, ಕೊಡೆ ಹಿಡಿದು ಯಾರೋ ನಿಂತಿದ್ದಾರೆ ಎಂದು ನಾನು ಅತ್ತೆಗೆ ಕೂಗಿದೆ. "ಊಟ ಆಯ್ತಾ?" ಎಂದಿರಿ. ಆಗ ಗೊತ್ತಾಯಿತು! ಅತ್ತೆ ಕಾಲಿಗೆ ನೀರು ಕೊಟ್ಟು, ಬೆಲ್ಲ ತಂದಿಟ್ಟರು. ನೀವು ಮಾತ್ರ ಬಾಗಿಲ ಕಡೆಯೇ ನೋಡುತ್ತ ಕುಗ್ಗಿ ಕೂತಿದ್ದಿರಿ. ನನಗೆ ಯಾಕೆಂದು ಅರ್ಥವಾಗಲಿಲ್ಲ. ಇನ್ನೂ ಅಕ್ಕಿಯ ಸಿಟ್ಟೇ ಇದೆ ಎಂದುಕೊಂಡೆ. ಅಷ್ಟರಲ್ಲಿ ಪೋಸ್ಟ್‌ಮ್ಯಾನ್ ಬಂದರು.

ನಿಮ್ಮ ಮುಖ ಆಗ ಹೇಗಾಯಿತು ಎಂದು ನಿಮಗೆ ಗೊತ್ತಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ನನ್ನ ಕೈಯಲ್ಲಿ ಕವರು, ನಿಮ್ಮ ಕಣ್ಣು ನೆಲದಲ್ಲಿ. ಪತ್ರ ಓದುತ್ತ ಓದುತ್ತ ನಾನು, "ಅಂಜಿನಪ್ಪಾ! ಬಸ್ ಸ್ಟ್ಯಾಂಡಿಗೆ ಓಡಿ! ಅಪ್ಪ ಅಕ್ಕಿ ಅಲ್ಲೇ ಬಿಟ್ಟಿದ್ದಾರೆ!" ಎಂದು ಕಿರುಚಿದೆ.

"ಅಕ್ಕಿ? ನಮ್ಮ ಮನಿಗೆ?" ಎಂದರು ಮಾವ.

ಅಂಜಿನಪ್ಪ ಒಂದು ಚೀಲಕ್ಕಾಗಿ ಇಡೀ ಲಾರಿಯನ್ನೇ ತೆಗೆದುಕೊಂಡು ಹೋಗಿ ಬಂದ. ಚೀಲವನ್ನು ಅಂಗಳದ ನಡುವೆ ಇಳಿಸಿ, ಎರಡೂ ಕೈಯಲ್ಲಿ ಬಾಯಿ ಮುಚ್ಚಿಕೊಂಡು ನಿಂತ. "ನಾ ಈ ಸಲ ಒಂದು ಮಾತೂ ಕೂಡಸಂಗಿಲ್ರೀ ಸಾವ್ಕಾರ್ರ."

ಆಗ ನೀವು ಎದ್ದಿರಿ. ಕೆಮ್ಮಿದಿರಿ. "ತಗೊಳ್ಳಿ ಬೀಗರೇ, ಊಟಕ್ಕೆ ಕಡಿಮೆ ಬೀಳಬಾರದು" ಎಂದಿರಿ.

ನನ್ನಪ್ಪ ತಮಾಷೆ ಮಾಡಿದರು! ಮಾವನವರು ಎಷ್ಟು ನಕ್ಕರೆಂದರೆ ಗಿರಣಿಯವರು ಕೆಲಸ ನಿಲ್ಲಿಸಿ ಬಂದು ನೋಡಿದರು. ಆಮೇಲೆ ಅವರು ಕೈಯಲ್ಲಿ ನಾಲ್ಕು ಕಾಳು ಹಿಡಿದು, ಬೆಳಕಿಗೆ ತಿರುಗಿಸಿ, ಹಲ್ಲಲ್ಲಿ ಕಚ್ಚಿ, ಕಣ್ಣು ಮುಚ್ಚಿದರು. ನೀವು ಪರೀಕ್ಷೆಗೆ ಕೂತ ಹುಡುಗನ ಹಾಗೆ ನಿಂತಿದ್ದಿರಿ. "ಕೆಂಪಗ ಚಂದ ಐತಿ ಬೀಗ್ರ. ಆದ್ರ ಇದನ್ನ ಅಕ್ಕಿ ಮಾಡಿ ತಂದು ತಪ್ಪು ಮಾಡೀರಿ. ಭತ್ತ ತಂದಿದ್ರ ರಾರಾವಿ ಹೊಲದಾಗ ಒಂದು ಮಡಿ ಬಿತ್ತತಿದ್ದಿವಿ. ಶ್ರಾವಣಕ್ಕ ಮಗಳನ್ನ ಬಿಡಾಕ ನೀವ ಬರ್ರಿ, ಬರೋವಾಗ ಭತ್ತ ತರ್ರಿ" ಎಂದರು.

ರಾತ್ರಿಯ ಊಟಕ್ಕೆ ಅತ್ತೆ ಎರಡೂ ಅಕ್ಕಿ ಬೇಯಿಸಿ, ನಿಮ್ಮ ಎಲೆಯಲ್ಲಿ ಒಂದು ಕಡೆ ಕೆಂಪು, ಒಂದು ಕಡೆ ಬಿಳಿ ಬಡಿಸಿದರು. ನೀವು ಬಿಳಿಯ ಕಡೆಗೇ ಎರಡನೇ ಸಲ ಕೈಯೊಡ್ಡಿದಿರಿ. "ನಮ್ಮ ಅಕ್ಕಿ ರುಚಿ ನಿಮಗ ಹೊಸದೇನಲ್ಲ ಬಿಡ್ರಿ" ಎಂದು ಮಾವ ಅಂದಾಗ ನನ್ನನ್ನು ದುರುಗುಟ್ಟಿ ನೋಡಿದಿರಿ. ನಾನು ಹೇಳಿಲ್ಲ ಅಪ್ಪ. ಅಮ್ಮ ನಿನ್ನೆ ಸಂಜೆಯೇ ಅತ್ತೆಗೆ ಫೋನು ಮಾಡಿ ಎಲ್ಲ ಹೇಳಿದ್ದರು.

ಶ್ರಾವಣಕ್ಕೆ ಬರ್ರಿ ಎಂದ ಮಾತಿಗೆ ನೀವು ಹೂಂ ಎನ್ನಲಿಲ್ಲ, ಊಹೂಂ ಎನ್ನಲಿಲ್ಲ. ಅತ್ತೆ ಒಳಗೆ ಬಂದು, "ನಿಮ್ಮಪ್ಪಾರಿಗೆ ಮನಸಿಲ್ಲ ಕಾಣಸ್ತತಿ" ಎಂದು ಬೇಸರಪಟ್ಟುಕೊಂಡರು. ಈಗ, ಇದೇ ಈಗ, ಕಿಟಕಿಯಾಚೆ ನೀವು ಮಾವನವರನ್ನು ಕೇಳುತ್ತಿರುವುದು ಕೇಳಿಸುತ್ತಿದೆ:

"ಕಾಲುವೆಗೆ ನೀರು ಯಾವಾಗ ಬಿಡ್ತಾರೆ? ರಾರಾವಿಗೆ ಬಸ್ಸು ಇದೆಯಾ? ಕೂರೋಕೆ ಜಾಗ ಸಿಗುತ್ತಾ?"

ನಾನು ಅತ್ತೆಗೆ ಹೇಳಿದೆ: "ಚಿಂತೆ ಮಾಡಬೇಡಿ ಅತ್ತೆ. ಟಿಕೆಟ್ಟು ಆಯಿತು."

ನಿಮ್ಮ
ಗಂಗೋತ್ರಿ